ಜಮರಾ

ಬಣ್ಣ ಹೋಗುತ್ತಿರಲಿಲ್ಲ. ನೀರು ತಾಗಿಸಿದ ಕೂಡಲೇ ಅಕ್ಕಿಕಾಳುಗಳು ಉದುರಿ ಬೇಸಿನ್ನಿನ ಜಾಲರಿಯಲ್ಲಿ ಸಿಕ್ಕಿಕೊಂಡವು, ಮೊಸರೂ ಕರಗಿ ಹೋಯಿತು, ಆದರೆ ಕುಂಕುಮ ಮಾತ್ರ ಎರಡು ಹುಬ್ಬುಗಳ ನಡುವೆ ಚರ್ಮದೊಳಗೆ ಮನೆ ಮಾಡಿಕೊಂಡಂತೆ ಉಳಿಯಿತು. ಜುನು ಟಿಶ್ಯೂ ಕಾಗದವನ್ನು ಒದ್ದೆ ಮಾಡಿ ಉಜ್ಜಿದಳು, ಸೋಪು ಹಾಕಿ ಉಜ್ಜಿದಳು, ಕೊನೆಗೆ ಉಗುರಿನಿಂದ ಕೆರೆದಳು. ಉಜ್ಜಿದಷ್ಟೂ ಕೆಂಪು ಹರಡಿತು. ಯಾವುದು ಕುಂಕುಮ, ಯಾವುದು ಕೆರೆದ ಚರ್ಮ ಎಂದು ತಿಳಿಯದಂತಾಯಿತು. ಗಂಟೆ ಎಂಟೂ ಹತ್ತು. ಒಂಬತ್ತಕ್ಕೆ ಪೊಲೀಸ್ ನೇಮಕಾತಿ ಕಟ್ಟಡದಲ್ಲಿ ಹೆಸರು ಕೂಗುತ್ತಾರೆ. ಮಾರುಕಟ್ಟೆಯ ಮೇಲಂತಸ್ತಿನ ಈ ಶೌಚಾಲಯಕ್ಕೆ ಕೆಳಗಿನಿಂದ ಮೀನಿನ ವಾಸನೆ ಬರುತ್ತಿತ್ತು. ರಬ್ಬರ್ ಬೂಟು ಹಾಕಿಕೊಂಡು ನೆಲ ಒರೆಸುತ್ತಿದ್ದ ಹೆಂಗಸು ಕೋಲಿಗೆ ಒರಗಿ ನಿಂತು ನೋಡಿದಳು.

"ರಕ್ತಾನಾ ಅದು?"

"ಬಿದ್ದೆ," ಎಂದಳು ಜುನು.

"ಹಣೆ ಮೇಲೆ ಬಿದ್ಯಾ? ಮೂಗು ಪೂರ್ತಿ ನೆಟ್ಟಗಿದೆಯಲ್ಲ." ಹೆಂಗಸು ನಕ್ಕು, ಬಕೆಟ್ಟಿನ ಪಕ್ಕದಿಂದ ಒಂದು ಬಾಟಲಿ ತೆಗೆದು ಕೊಟ್ಟಳು. "ಇದ್ರಲ್ಲಿ ಒಂದು ಹನಿ ಹಾಕ್ಕೊ. ಸಿಂಕಿನ ಕಲೆಗೂ ಇದನ್ನೇ ಹಾಕೋದು."

ಹಾಕಿದಳು. ಉರಿಯಿತು. ಕಲೆ ಹೋಯಿತು.

ಬೆಳಿಗ್ಗೆ ಆರು ಗಂಟೆಗೆ ಅಪ್ಪ ಅವಳನ್ನು ಎರಡಂತಸ್ತಿನ ಮಂಚದ ಕೆಳಹಾಸಿಗೆಯ ಅಂಚಿನಲ್ಲಿ ಕೂರಿಸಿದ್ದ. ನಿನ್ನೆಯೇ ನೇಪಾಳಿಗಳ ದಸೈಂ ಹಬ್ಬದ ಹತ್ತನೆಯ ದಿನ, ಮೊಸರು ಕುಂಕುಮದಲ್ಲಿ ಕಲಸಿದ ಅಕ್ಕಿಯ ಟೀಕಾವನ್ನು ಹಣೆಗೆ ನಿನ್ನೆಯೇ ಇಡಬೇಕಿತ್ತು. ಆದರೆ ಹದಿನೆಂಟನೇ ಅಂತಸ್ತಿನಲ್ಲಿ ಬಿದಿರಿನ ಅಟ್ಟಣೆ ಕಟ್ಟುವವನಿಗೆ ಮೇಸ್ತ್ರಿ ರಜೆ ಕೊಟ್ಟಿರಲಿಲ್ಲ. ತಮ್ಮ ಲಿಂಬು ಜನಾಂಗದಲ್ಲಿ ಎಷ್ಟೋ ಮನೆಯವರು ಈ ಹಬ್ಬ ನಮ್ಮದಲ್ಲ ಎಂದು ಟೀಕಾ ಬಿಟ್ಟಿದ್ದಾರೆ. ಅಪ್ಪ ಬಿಟ್ಟಿರಲಿಲ್ಲ. ತಾತ ಇಲ್ಲಿ ಬ್ರಿಟಿಷರ ಗೂರ್ಖಾ ಪಲ್ಟನ್ನಿನಲ್ಲಿದ್ದಾಗ ಪರೇಡ್ ಮೈದಾನದಲ್ಲಿ ಸಾಲಾಗಿ ಕೂತು ಇಡಿಸಿಕೊಳ್ಳುತ್ತಿದ್ದರು, ಅದಕ್ಕೆ. ತಾತನ ಬಿಸ್ಕತ್ತಿನ ಡಬ್ಬಿಯಲ್ಲಿ ಮಣ್ಣು ತುಂಬಿ, ಜವೆಗೋಧಿ ಬಿತ್ತಿ, ಮಂಚದ ಕೆಳಗೆ ಸೀರೆಯ ತುಂಡು ಮುಚ್ಚಿ ಒಂಬತ್ತು ದಿನ ಕತ್ತಲಲ್ಲಿಟ್ಟು ಜಮರಾ ಬೆಳೆಸಿದ್ದ. ಬಿಸಿಲು ಕಾಣದ ಆ ಸಸಿ ಹಸಿರಾಗುವುದಿಲ್ಲ, ಕಾಮಾಲೆಯಾದ ಕಣ್ಣಿನಂತೆ ಹಳದಿಯಾಗಿಯೇ ಮೇಲೇಳುತ್ತದೆ. ಅಪ್ಪನ ಬೆರಳುಗಳು ಬಿದಿರಿನ ಸಿಬಿರು ಚುಚ್ಚಿ ಚುಚ್ಚಿ ಮರದಂತಾಗಿದ್ದವು. ಒತ್ತಿ ಒತ್ತಿ ಇಟ್ಟ. "ದಪ್ಪಗೆ ಇಟ್ಟಿದೀನಿ ಮಗಳೇ, ಸಾಹೇಬರಿಗೆ ಬಾಗಿಲಿಂದಲೇ ಕಾಣ್ಬೇಕು. ಹೋದ ಕೆಲಸ ಗೆದ್ದು ಬಾ." ಕಿವಿಯ ಮೇಲಿಟ್ಟರೆ ಮೆಟ್ರೋದ ನೂಕುನುಗ್ಗಲಲ್ಲಿ ಬಿದ್ದುಹೋಗುತ್ತದೆ ಎಂದು, ಅವಳು ಎಣ್ಣೆ ಹಚ್ಚಿ ಬಲೆ ಹಾಕಿ ಬಿಗಿದಿದ್ದ ತುರುಬಿನ ಹಿಂಭಾಗದಲ್ಲಿ ಎರಡು ಎಳೆ ಜಮರಾ ಸಿಕ್ಕಿಸಿದ್ದ. ಮಗಳು ಪೊಲೀಸಾಗುತ್ತಾಳೆಂದು ಅವನು ಕಟ್ಟಡದವರಿಗೆಲ್ಲ ಹೇಳಿಬಿಟ್ಟಿದ್ದ. ಏಳು ಮನೆಯವರು ಬಳಸುವ ಅಡುಗೆಕೋಣೆಯ ಗೋಡೆಗೆ ನೇಮಕಾತಿಯ ಕರಪತ್ರ ಅಂಟಿಸಿದ್ದ. ಅದರಲ್ಲಿ ನಾಲ್ಕು ಬಣ್ಣದ ನಾಲ್ಕು ಮುಖಗಳು, ಒಂದೇ ಟೋಪಿ, ಕೆಳಗೆ ಎಲ್ಲ ಜನಾಂಗದವರಿಗೂ ಸ್ವಾಗತ ಎಂಬ ಬರಹ. ಅದರ ಮೇಲೆ ಈಗಾಗಲೇ ಎಣ್ಣೆ ಸಿಡಿದಿತ್ತು.

ಶೌಚಾಲಯದ ಕನ್ನಡಿ ಅವಳಿಗೆ ಹಣೆಯನ್ನಷ್ಟೇ ತೋರಿಸಿತು. ತುರುಬಿನ ಹಿಂದೇನಿದೆ ಎಂಬುದು ನೆನಪಿಗೇ ಬರಲಿಲ್ಲ.

ಮೆಟ್ಟಿಲಿಳಿಯುವಾಗ ತರಕಾರಿ ಸಾಲಿನ ಲಾನ್ ಅಜ್ಜಿ ಕಂಡಳು, ಸೊಪ್ಪಿಗೆ ನೀರು ಚಿಮುಕಿಸುತ್ತ ಇದ್ದಳು. ಜುನುವಿಗೆ ಈ ಊರಿನ ಚೀನೀ ಮಾತು ಕ್ಯಾಂಟನೀಸ್ ಕಲಿಸಿದ್ದು ಶಾಲೆಯಲ್ಲ, ಈ ಅಜ್ಜಿ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಅವಳ ಬಂಡಿಯಲ್ಲಿ ಈರುಳ್ಳಿಸೊಪ್ಪು ಕಟ್ಟುವ ಕೆಲಸಕ್ಕೆ ನಿಂತಾಗ ಬೈಗುಳದಿಂದಲೇ ಶುರುವಾಗಿತ್ತು ಪಾಠ. "ಪೊಲೀಸಮ್ಮ ಬಂದ್ಲು, ಬಂಡಿ ಒಳಗೆ ಎಳ್ಕೊಳ್ಳಿ," ಎಂದು ಅಜ್ಜಿ ಪಕ್ಕದವಳಿಗೆ ಕೂಗಿದಳು. ಆಮೇಲೆ ಹತ್ತಿರ ಕರೆದು, "ಚೀನಾದಿಂದ ನುಸುಳಿ ಬರ್ತಿದ್ದಾಗ ನಿಮ್ಮ ತಾತನ ಪಲ್ಟನ್ನಿನೋರು ಗಡಿ ಬೇಲಿ ಹತ್ರ ನನ್ನ ಹಿಡಿದು, ಒಂದು ಬಿಸ್ಕತ್ತು ಕೊಟ್ಟು, ಲಾರಿ ಹತ್ತಿಸಿ ವಾಪಸ್ ಕಳಿಸಿದ್ರು. ನೀನು ಹಿಡಿದ್ರೆ ಏನು ಕೊಡ್ತೀಯ?" ಎಂದಳು. ಈ ಮಾತನ್ನು ಒಂಬತ್ತು ವರ್ಷದಿಂದ ಹೇಳುತ್ತಿದ್ದಾಳೆ. ಪ್ರತಿ ಸಲವೂ ಜುನು ನಗುತ್ತಾಳೆ, ಪ್ರತಿ ಸಲವೂ ತಾತನ ಪರವಾಗಿ ತಾನು ಕ್ಷಮೆ ಕೇಳಬೇಕೋ ಬೇಡವೋ ತಿಳಿಯದೆ ಕೈಗಳನ್ನು ಎಲ್ಲಿಡುವುದೆಂದು ಹುಡುಕುತ್ತಾಳೆ. ಇವತ್ತು ನಗಲೂ ಆಗಲಿಲ್ಲ. ಹಣೆ ಉರಿಯುತ್ತಿತ್ತು. ಅಜ್ಜಿಯ ಕಣ್ಣು ಅವಳ ಹಣೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಸೊಪ್ಪಿನ ಕಡೆ ತಿರುಗಿದಳು.

ನೇಮಕಾತಿ ಕಟ್ಟಡದ ಹಜಾರದಲ್ಲಿ ಆರು ಕುರ್ಚಿ ಹಾಕಿದ್ದರು. ನಾಲ್ವರು ಚೀನೀ ಹುಡುಗರು ಆಗಲೇ ಕೂತಿದ್ದರು. ಐದನೆಯ ಕುರ್ಚಿಯಲ್ಲಿ ತೇಕ್‌ಮಾನ್ ಗುರುಂಗ್ ಇದ್ದ, ಹಣೆಯ ತುಂಬ ಟೀಕಾ ಇಟ್ಟುಕೊಂಡು. ಅವನು ಬರುತ್ತಾನೆಂದು ಗೊತ್ತಿತ್ತು. ಹೀಗೆ ಬರುತ್ತಾನೆಂದು ಊಹಿಸಿರಲಿಲ್ಲ. ಅಂಗೈ ಅಗಲದ ಕೆಂಪು, ಅದರೊಳಗೆ ಬಿಳಿಯ ಅಕ್ಕಿ, ಒಣಗುತ್ತ ಅಂಚಿನಲ್ಲಿ ಬಿರುಕು ಬಿಡುತ್ತಿತ್ತು. ಕೆಳಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೈ. ಅವನಿಗೆ ಮೂವತ್ತೈದು. ಯುನ್ ಲಾಂಗ್ ಬಡಾವಣೆಯ ಒಂದು ಗೋದಾಮಿಗೆ ಕಾವಲುಗಾರ. ಎರಡು ಸಲ ಪರೀಕ್ಷೆ ಬರೆದು ಬಿದ್ದಿದ್ದ. ಭಾನುವಾರಗಳಲ್ಲಿ ತಮ್ಮವರ ಹುಡುಗ ಹುಡುಗಿಯರನ್ನು ಸೇರಿಸಿ ಕಾಲುವೆಯ ಪಕ್ಕದಲ್ಲಿ ಓಡಿಸುತ್ತಿದ್ದವನು ಅವನೇ. ಹೋದ ವರ್ಷ ಚೀನೀ ಬರವಣಿಗೆಯ ಪರೀಕ್ಷೆಯಲ್ಲಿ ಅವಳು ಬಿದ್ದಾಗ, ಗೋದಾಮಿನ ಹಳೆಯ ರಸೀದಿಗಳ ಬೆನ್ನ ಮೇಲೆ ದಿನಕ್ಕೆ ಹತ್ತು ಅಕ್ಷರ ಬರೆದು ತಂದುಕೊಡುತ್ತಿದ್ದವನೂ ಅವನೇ. ತಿದ್ದುವಾಗ ತಾನೇ ತಪ್ಪು ಬರೆದಿದ್ದು ಕಂಡರೆ ನಾಚಿಕೊಳ್ಳುತ್ತಿದ್ದ. ಈ ವರ್ಷ ಇಬ್ಬರೂ ಬರವಣಿಗೆ ದಾಟಿದ್ದರು. ಉಳಿದದ್ದು ಗುಂಪು ಚರ್ಚೆ, ಆಮೇಲೆ ಒಬ್ಬೊಬ್ಬರಾಗಿ ಮಾತು. ಅಷ್ಟು ದಾಟಿದರೆ ತರಬೇತಿ.

"ಬಹಿನಿ," ಎಂದು ತಮ್ಮ ಭಾಷೆಯಲ್ಲಿ ತಂಗಿಯನ್ನು ಕರೆಯುವಂತೆ ಕರೆದ ಅವನು, ಪಕ್ಕದ ಕುರ್ಚಿ ತಟ್ಟುತ್ತ. "ಟೀಕಾ ಇಡ್ಲಿಲ್ವಾ ಅಪ್ಪ?"

"ಸ್ನಾನ ಮಾಡಿದೆ, ದಾಜು."

"ಆಮೇಲೆ?"

"ಇಟ್ಟಮೇಲೆ ಮಾಡಿದೆ."

ಅವನು ಒಂದು ಕ್ಷಣ ಅವಳ ಕೆರೆದ ಹಣೆ ನೋಡಿದ. ಆಮೇಲೆ ಮಾತು ಬದಲಿಸಿದ. "ನಮ್ಮವಳು ಹಬ್ಬದ ಸೇಲ್ ರೋಟಿ ಕರಿದು ಕಟ್ಟಿಕೊಟ್ಟಿದಾಳೆ, ಎಲ್ಲ ಮುಗಿದ್ಮೇಲೆ ಆಚೆ ಬಸ್‌ಸ್ಟಾಪಲ್ಲಿ ತಿನ್ನೋಣ. ಈ ಸಲ ಆಗ್ಲಿಲ್ಲ ಅಂದ್ರೆ ನಾನಿನ್ನು ಬರಲ್ಲ. ಮೊಣಕಾಲು ಮಾತು ಕೇಳ್ತಿಲ್ಲ."

ಅವಳು ತಲೆಯಾಡಿಸಿದಳು, ಆದರೆ ಅವನು ಜೋರಾಗಿ ಮಾತಾಡುತ್ತಿದ್ದಾನೆ ಎನಿಸಿತು. ನಾಲ್ವರೂ ತಮ್ಮನ್ನೇ ನೋಡುತ್ತಿದ್ದಾರೆ, ಒಂದೇ ಗೂಡಿನ ಎರಡು ಹಕ್ಕಿ ಎಂದುಕೊಳ್ಳುತ್ತಿದ್ದಾರೆ. ಮೂರನೇ ತರಗತಿಯ ಟೀಚರು ಹೀಗೆಯೇ ಒಂದು ದಸೈಂ ಮುಗಿದ ಬೆಳಿಗ್ಗೆ ಅವಳನ್ನು ಎಲ್ಲರೆದುರು ನಿಲ್ಲಿಸಿ, ಎಷ್ಟು ಚೆನ್ನಾಗಿದೆ, ಇದೇನು ಅಂತ ಎಲ್ಲರಿಗೂ ಹೇಳು ಎಂದಿದ್ದರು. ಎಷ್ಟು ಸಿಹಿಯಾದ ದನಿ. ಜುನು ಹೇಳಿದ್ದಳು, ತನಗೆ ಗೊತ್ತಿದ್ದಷ್ಟು ಕ್ಯಾಂಟನೀಸಿನಲ್ಲಿ, ಅಕ್ಕಿ, ಮೊಸರು ಎಂದೆಲ್ಲ. ಆ ವರ್ಷ ಮುಗಿಯುವ ತನಕ ಅವಳ ಹೆಸರು ಅನ್ನದ ಹಣೆ. ಊಟದ ಹೊತ್ತಿಗೆ ಯಾರಾದರೂ ಒಂದು ಅಗುಳು ತಂದು ಅಂಟಿಸಿ ಓಡುತ್ತಿದ್ದರು. ಅಗುಳು ತಣ್ಣಗಿರುತ್ತಿತ್ತು. ಅದನ್ನು ತೆಗೆಯದೆ ಹಾಗೇ ಕೂತರೆ ಅವರಿಗೆ ಬೇಗ ಬೇಸರವಾಗುತ್ತದೆ ಎಂದು ಅವಳು ಕಂಡುಕೊಂಡಿದ್ದಳು.

ಚರ್ಚೆಯ ಕೋಣೆಯಲ್ಲಿ ಕುರ್ಚಿಗಳು ಅರ್ಧಚಂದ್ರದಂತೆ ಇದ್ದವು. ಎದುರಿಗೆ ಮೂವರು, ನಡುವೆ ಮೇಡಂ ಲೌ, ಐವತ್ತರ ಹೆಂಗಸು, ಕತ್ತರಿಸಿದ ಬಿಳಿಗೂದಲು, ಆತುರವಿಲ್ಲದ ಕಣ್ಣು. ವಿಷಯ: ಒಂದು ಕಟ್ಟಡದಲ್ಲಿ ಒಂದು ಮನೆಯವರ ಹಬ್ಬದ ಗದ್ದಲದ ಬಗ್ಗೆ ನೆರೆಯವರು ದೂರು ಕೊಟ್ಟಿದ್ದಾರೆ, ನೀವು ಹೋದರೆ ಏನು ಮಾಡುತ್ತೀರಿ. ಹುಡುಗರು ಕಾನೂನು ಹೇಳಿದರು. ಜುನು ಎರಡು ಸಲ ಮಾತಾಡಿದಳು, ಮಾತು ಚೆನ್ನಾಗಿ ಬಂತು, ಒಬ್ಬ ಹುಡುಗ ಅವಳತ್ತ ತಿರುಗಿ ಹೌದು ಹೌದು ಎಂದ. ಆ ಹೌದು ಹೌದಿಗೆ ಅವಳ ಮೈ ಬೆಚ್ಚಗಾಯಿತು. ತೇಕ್‌ಮಾನ್ ನಿಧಾನವಾಗಿ, ಪ್ರತಿ ಪದವನ್ನೂ ಹೊರೆಯಂತೆ ಹೊತ್ತು ತಂದು ಇಳಿಸುತ್ತ ಮಾತಾಡಿದ. ಆಗ ಮೇಡಂ ಪೆನ್ನು ಕೆಳಗಿಟ್ಟು, "ಇವತ್ತು ನಿಮಗೂ ಹಬ್ಬ ಅಂತ ಕಾಣುತ್ತೆ. ಆ ಗುರುತು ಏನು ಅಂತ ಹೇಳ್ತೀರಾ?" ಎಂದರು.

ಅದೇ ದನಿ. ಮೂರನೇ ತರಗತಿಯ ಆ ಸಿಹಿ ದನಿ.

ತೇಕ್‌ಮಾನ್ ಹೇಳಿದ. ಮನೆಯ ಹಿರಿಯರು ಇಡುತ್ತಾರೆ ಎಂದ. ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು, ಬಿಡಿಸಿ, ಹಳದಿ ಸಸಿ ತೋರಿಸಿದ. ಇದೂ ಕೊಡ್ತಾರೆ, ಕಿವಿ ಮೇಲೆ, ಕೂದಲಲ್ಲಿ, ಕತ್ತಲಲ್ಲಿ ಬೆಳೆಸೋದು ಎಂದ. "ಅಕ್ಕಿ ನೋಡಿ, ಇವ್ರು ತಿಂಡಿ ತಿಂದು ಮುಖ ತೊಳೆದಿಲ್ಲ ಅಂದ್ಕೊಂಡೆ ನಾನು," ಎಂದ ಕೊನೆಯ ಹುಡುಗ, ಕೆಟ್ಟ ಮನಸ್ಸಿನಿಂದಲ್ಲ. ಎಲ್ಲರೂ ನಕ್ಕರು, ತೇಕ್‌ಮಾನ್ ಕೂಡ ನಕ್ಕ. ಜುನು ಎಲ್ಲರಿಗಿಂತ ಒಂದು ಕ್ಷಣ ಹೆಚ್ಚಾಗಿಯೇ ನಕ್ಕಳು. ಆಮೇಲೆ ಅವನು ಒಂದು ಪದಕ್ಕೆ ತಡವರಿಸಿದ. ಹಿರಿಯರು ತಲೆಯ ಮೇಲೆ ಕೈಯಿಟ್ಟು ಹೇಳುತ್ತಾರಲ್ಲ, ಆ ಪದ. ಅವನ ಕೈ ಗಾಳಿಯಲ್ಲಿ ಒಂದು ಕಾಣದ ತಲೆಯನ್ನು ಮುಟ್ಟುತ್ತಿತ್ತು. ಆ ಪದ ಜುನುವಿನ ನಾಲಿಗೆಯ ತುದಿಯಲ್ಲೇ ಇತ್ತು. ಚೀನೀ ಹೊಸ ವರ್ಷಕ್ಕೆ ಲಾನ್ ಅಜ್ಜಿ ಅವಳಿಗೆ ಹಣದ ಕೆಂಪು ಲಕೋಟೆ ಕೊಟ್ಟು ಹರಸುವಾಗ ಹೇಳುವ ಪದ.

"ನೀವೂ ನೇಪಾಳಿ ಅಲ್ವಾ," ಮೇಡಂ ಅವಳತ್ತ ತಿರುಗಿದರು, "ಅವರಿಗೆ ಸ್ವಲ್ಪ ಸಹಾಯ ಮಾಡಿ."

ಹೌದು ಎಂದರೆ ನಿನ್ನ ಹಣೆ ಯಾಕೆ ಖಾಲಿ ಎನ್ನುತ್ತಾರೆ. ಒರೆಸಿಕೊಂಡೆ ಎಂದರೆ ಯಾಕೆ ಎನ್ನುತ್ತಾರೆ.

"ನಮ್ಮ ಮನೇಲಿ ಇದೆಲ್ಲ ಮಾಡಲ್ಲ ಮೇಡಂ. ನಾವು ಲಿಂಬುಗಳು. ನಂಗೆ ಗೊತ್ತಿಲ್ಲ."

ಎಷ್ಟು ಸಲೀಸಾಗಿ ಬಂತು. ಎಡಕ್ಕೆ ಕೂತಿದ್ದ ತೇಕ್‌ಮಾನ್ ಅವಳ ಕಡೆ ತಿರುಗಿದ. ಅವನ ನೋಟ ಅವಳ ಮುಖದ ಮೇಲಿರಲಿಲ್ಲ. ತಲೆಯ ಹಿಂದೆ ಎಲ್ಲೋ ಇತ್ತು. ಕಾಗದದ ಪೊಟ್ಟಣವನ್ನು ಮಡಿಸಿ ಜೇಬಿಗಿಟ್ಟುಕೊಂಡು, "ಹೌದು ಮೇಡಂ," ಎಂದ. "ಅವರಲ್ಲಿ ಮಾಡಲ್ಲ." ಎಂದವನೇ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. ಮೇಡಂ ಏನೋ ಬರೆದುಕೊಂಡರು.

ಹೊರಗೆ ಬರುವಾಗ ಅವನು ಅವಳ ಬೆನ್ನಿಗೆ ಅಂಟಿಕೊಂಡಂತೆ ನಡೆದ. ನಿಂತರೆ ನಿಂತ. ಗೋಡೆಯ ಬಳಿ ಕೂರಲು ಹೋದರೆ ಹಿಂದೆಯೇ ಬಂದು, "ಬಹಿನಿ, ಒಂದ್ನಿಮಿಷ ಈ ಕಡೆ ಬಾ," ಎಂದು ಪಿಸುಗುಟ್ಟಿದ. ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು, ಆದರೆ ಇಲ್ಲಿ ಬೇಡ, ಈ ಹುಡುಗರೆದುರು ಆ ಹಣೆಯನ್ನು ತನ್ನ ಹಣೆಯ ಹತ್ತಿರ ತರುವುದು ಬೇಡ. ಕೇಳಿಸದವಳಂತೆ ಎದ್ದು ಹೋಗಿ ನಾಲ್ವರ ನಡುವೆ ಖಾಲಿಯಿದ್ದ ಕುರ್ಚಿಯಲ್ಲಿ, ಬೆನ್ನನ್ನು ಗೋಡೆಗೆ ಒತ್ತಿ ಕೂತಳು. ಹೌದು ಹೌದು ಎಂದಿದ್ದ ಹುಡುಗ ಪುದೀನಾ ಪೆಪ್ಪರ್‌ಮೆಂಟ್ ಕೊಟ್ಟ. "ಅವ್ರು ನಿಮ್ಮ ಕಡೆಯವ್ರಾ?" "ಮುಖ ನೋಡಿದೀನಿ ಅಷ್ಟೆ," ಎಂದಳು. ಪೆಪ್ಪರ್‌ಮೆಂಟ್ ಕರಗುವ ತನಕ ತೇಕ್‌ಮಾನ್ ಎದುರು ಗೋಡೆಯ ಬಳಿ ನಿಂತೇ ಇದ್ದ. ಕಣ್ಣು ಸಿಕ್ಕಾಗಲೆಲ್ಲ ತನ್ನ ತಲೆಯ ಹಿಂಭಾಗ ಕೆರೆದುಕೊಳ್ಳುತ್ತಿದ್ದ. ಹೇನು ಹತ್ತಿದವನಂತೆ, ಎಲ್ಲರೆದುರು. ಅವಳು ಕಣ್ಣು ತಪ್ಪಿಸಿದಳು.

ಮೊದಲು ಅವನನ್ನೇ ಕರೆದರು. ಇಪ್ಪತ್ತು ನಿಮಿಷಕ್ಕೆ ಹೊರಬಂದಾಗ ಟೈ ಓರೆಯಾಗಿತ್ತು, ಮುಖ ಅರಳಿತ್ತು. ಮುಂದಿನ ಹೆಸರು ಅವಳದು. ಎದ್ದಳು. ಬಾಗಿಲ ಬಳಿ ಅವನು ಎದುರಾದ, ಕೈ ಚಾಚಿ ಅವಳ ತುರುಬಿಗೆ ಹಾಕಿದ.

"ಮುಟ್ಬೇಡ."

ಕ್ಯಾಂಟನೀಸಿನಲ್ಲಿ ಬಂದಿತ್ತು ಆ ಮಾತು, ಮಾರುಕಟ್ಟೆಯ ದನಿಯಲ್ಲಿ, ತರಕಾರಿ ಕದಿಯುವ ಕೈಗೆ ಹೇಳುವ ದನಿಯಲ್ಲಿ. ಹಜಾರ ಪೂರ್ತಿ ತಿರುಗಿತು. ಬಾಗಿಲಲ್ಲಿ ನಿಂತಿದ್ದ ಪೇದೆ ಎರಡು ಹೆಜ್ಜೆ ಮುಂದೆ ಬಂದ. ತೇಕ್‌ಮಾನ್‌ನ ಕೈ ಹಾಗೆಯೇ ಮೇಲೆ ಉಳಿಯಿತು, ಕಾಣದ ತಲೆಯನ್ನು ಮುಟ್ಟಿದ್ದ ಅದೇ ಕೈ. ಅವಳು ಒಳಗೆ ಹೋದಳು.

ಒಳಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಎಷ್ಟು ದೂರ ಓಡುತ್ತೀರಿ, ಶಾಲೆ ಯಾಕೆ ಬಿಟ್ಟಿರಿ, ಬಾರಿನಲ್ಲಿ ಗ್ಲಾಸು ತೊಳೆಯುವ ಈಗಿನ ಕೆಲಸದಲ್ಲಿ ಕುಡಿದವರನ್ನು ಹೇಗೆ ಸಂಭಾಳಿಸುತ್ತೀರಿ. ಉತ್ತರಗಳು ತಾವಾಗಿ ಬಂದವು. ಕೆಳಗೆ ಬಿದ್ದ ಪೆನ್ನನ್ನು ಎತ್ತಿಕೊಡಲು ಅವಳು ಬಗ್ಗಿದಳು. ಎದ್ದಾಗ ಮೇಡಂ ಲೌ ಅವಳ ತಲೆಯನ್ನು ನೋಡುತ್ತಿದ್ದರು. ಮೇಜು ಬಳಸಿ ಬಂದರು, ತಾಯಿಯೊಬ್ಬಳು ಮಗಳ ಕೂದಲಿನಿಂದ ಕಸ ತೆಗೆಯುವಷ್ಟು ಮೆಲ್ಲಗೆ ಬೆರಳಾಡಿಸಿದರು. ಆಮೇಲೆ ಅವಳ ಅರ್ಜಿಯ ಮೇಲೆ, ಅವಳ ಭಾವಚಿತ್ರದ ಪಕ್ಕದಲ್ಲಿ, ಎರಡು ಹಳದಿ ಎಳೆಗಳನ್ನು ಇಟ್ಟರು.

ಒಂದು ಎಳೆ ನಡುವೆ ಮುರಿದಿತ್ತು. ಗೋಡೆಗೆ ಒತ್ತಿದ್ದರಿಂದ ಇರಬೇಕು.

"ಗೊತ್ತಿಲ್ಲ ಅಂದಿದ್ರಿ," ಎಂದರು ಮೇಡಂ, ತಮ್ಮ ಜಾಗಕ್ಕೆ ಮರಳಿ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಭಯ ಹುಟ್ಟಿಸಿತು. "ನಾನು ಪರೀಕ್ಷೆ ಮಾಡೋಕೆ ಕೇಳ್ಲಿಲ್ಲ. ಇಂಥದ್ದು ಗೊತ್ತಿರೋರು ನಮಗೆ ಬೇಕು. ನಿಮ್ಮವರ ಮನೆಗಳ ಬಾಗಿಲು ತಟ್ಟಬೇಕಾದಾಗ ಒಳಗೇನಿದೆ ಅಂತ ತಿಳಿದೋರು. ಅದಕ್ಕೇ ಅಂಕ ಇತ್ತು." ಹಳದಿ ಎಳೆಗಳತ್ತ ನೋಡಿ, "ಈಗ ತಾನೆ ಗುರುಂಗ್ ಅವರನ್ನ ಮತ್ತೆ ಕೇಳ್ದೆ. ಆ ಹುಡುಗಿ ಮನೇಲಿ ನಿಜವಾಗ್ಲೂ ಮಾಡಲ್ವಾ ಅಂತ. ಇಲ್ಲ, ನಂಗೆ ಚೆನ್ನಾಗಿ ಗೊತ್ತು ಅಂದ್ರು. ಸುಳ್ಳು ಹೇಳೋರನ್ನ ನಾವು ತಗೊಳ್ಳಲ್ಲ. ನಿಮ್ಮಿಬ್ರಲ್ಲಿ ಯಾರು ಹೇಳಿದ್ದು, ಯಾಕೆ ಹೇಳಿದ್ದು, ನೀವೇ ಹೇಳಿ."

ಆಗ ಅವಳಿಗೆ ಎಲ್ಲ ಅರ್ಥವಾಯಿತು: ಹಿಂದಕ್ಕೆ ಎಳೆದ ಕುರ್ಚಿ, ಬೆನ್ನ ಹಿಂದಿನ ನಡಿಗೆ, ಕೆರೆದುಕೊಂಡ ತಲೆ, ಚಾಚಿದ ಕೈ, ಎಲ್ಲವೂ ಆ ಎಳೆಗಳನ್ನು ಮರೆಮಾಡಲು. ಅರ್ಥವಾದದ್ದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಅದರ ಪಕ್ಕದಲ್ಲೇ ಇನ್ನೊಂದು ದಾರಿ ಕೂಡ ಅಷ್ಟೇ ಸ್ಪಷ್ಟವಾಗಿ ಕಂಡಿತು, ತೆರೆದಿಟ್ಟ ಬಾಗಿಲಿನಂತೆ. ಕಣ್ಣ ಮುಂದೆ, ಎಣ್ಣೆ ಸಿಡಿದ ಕರಪತ್ರದ ಎದುರು ಅಪ್ಪ ನಿಂತಿದ್ದ. ಬಾರಿನ ಸಿಂಕಿನಲ್ಲಿ ಲಿಪ್‌ಸ್ಟಿಕ್ ಅಂಟಿದ ಗ್ಲಾಸುಗಳು ತೇಲುತ್ತಿದ್ದವು. ನಿಜ ಹೇಳಬೇಕೆಂದೇ ಬಾಯಿ ತೆರೆದಳು. ಹಾಗೆಂದು ಅವಳು ಆಮೇಲೆ ನಂಬಲು ಎಷ್ಟೋ ಸಲ ಪ್ರಯತ್ನಿಸಲಿದ್ದಳು.

"ಅವ್ರು ಇಟ್ರು ಮೇಡಂ. ಈಗ, ಆಚೆ. ಅವ್ರ ಜೇಬಲ್ಲಿತ್ತಲ್ಲ, ಅದನ್ನ. ಬೇಡ ಅಂದೆ, ಕೇಳ್ಲಿಲ್ಲ."

ಮೇಡಂ ಬಾಗಿಲ ಕಡೆ ನೋಡಿದರು. ಅವಳ ಹಿಂದೆಯೇ ಒಳಗೆ ಬಂದು ಅಲ್ಲಿ ನಿಂತಿದ್ದ ಪೇದೆ, "ಕೈ ಹಾಕಿದ್ದು ನಾನೂ ನೋಡಿದೆ ಮೇಡಂ. ಇವ್ರು ಮುಟ್ಬೇಡ ಅಂತ ಕೂಗಿದ್ರು," ಎಂದ. ಅವನು ಕಂಡದ್ದನ್ನೇ ಹೇಳಿದ್ದ. ಮೇಡಂ ಬಹಳ ಹೊತ್ತು ಜುನುವಿನ ಹಣೆಯನ್ನು ನೋಡಿದರು, ಕೆರೆದ ಕಡೆ.

"ಹಣೆಗೆ ಏನಾಯ್ತು?"

"ಬಿದ್ದೆ ಮೇಡಂ."

ಬರೆದುಕೊಂಡರು. "ಆಚೆ ಕೂತಿರಿ."

ಹಜಾರದಲ್ಲಿ ತೇಕ್‌ಮಾನ್ ಒಬ್ಬನೇ ಒಂದು ಮೂಲೆಯಲ್ಲಿ ಕೂತಿದ್ದ. ಹುಡುಗರು ಅವನ ಪಕ್ಕದ ಕುರ್ಚಿ ಬಿಟ್ಟು ಕೂತಿದ್ದರು. ಅವಳನ್ನು ಕಂಡದ್ದೇ ಎದ್ದ, ಹತ್ತಿರ ಬರಲು ಹಿಂಜರಿದು ಅಲ್ಲೇ ನಿಂತ. ಅವಳಾಗಿಯೇ ಹೋದಳು. ಕಾಲುಗಳು ಅವಳನ್ನು ಒಯ್ದವು.

"ತಪ್ಪು ತಿಳ್ಕೋಬೇಡ ಬಹಿನಿ," ಎಂದ ಪಿಸುದನಿಯಲ್ಲಿ. "ನಿನ್ನ ತುರುಬಲ್ಲಿ ಜಮರಾ ಇತ್ತು. ಹೇಳೋಣ ಅಂದ್ರೆ ನೀನು ಬರ್ಲೇ ಇಲ್ಲ." ಅವಳ ಹಿಂದೆ ಬಗ್ಗಿ ನೋಡಿದ, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು. "ಈಗಿಲ್ಲ. ಬಿದ್ದೋಯ್ತಾ? ಅವರಿಗೆ ಕಾಣ್ಲಿಲ್ಲ ತಾನೆ?"

"ಇಲ್ಲ ದಾಜು."

"ಸದ್ಯ." ಅವನು ಉಸಿರು ಬಿಟ್ಟ ರಭಸಕ್ಕೆ ಹಣೆಯಿಂದ ಎರಡು ಮೂರು ಕಾಳು ಉದುರಿ ಟೈಯ ಮೇಲೆ ಬಿದ್ದವು. "ನಂಗೆ ಅದೇ ಭಯ ಆಗಿತ್ತು. ನಿಂಗೆ ಸಿಗಬೇಕು ಮಾರಾಯ್ತಿ, ನಿನ್ನ ಭಾಷೆ ಎಷ್ಟು ಚೆನ್ನಾಗಿದೆ."

ಬಾಗಿಲು ತೆರೆಯಿತು. ಪೇದೆ ಕಾಗದ ನೋಡಿಕೊಂಡು ಗುರುಂಗ್ ತೇಕ್‌ಮಾನ್ ಎಂದು ಕೂಗಿದ.

ತೇಕ್‌ಮಾನ್‌ನ ಕಣ್ಣು ದೊಡ್ಡದಾಯಿತು. "ಎರಡನೇ ಸಲ ಕರೀತಿದಾರೆ," ಎಂದ. "ಎರಡನೇ ಸಲ ಕರೆದ್ರೆ ಆಯ್ತು ಅಂತಲೇ ಅಲ್ವಾ?" ಕೆಳಗಿದ್ದ ಚೀಲವನ್ನು ಎತ್ತಿ ಅವಳ ಕೈಗೆ ಕೊಟ್ಟ. "ಹಿಡ್ಕೊ, ರೋಟಿ ಇದೆ, ಇನ್ನೂ ಬೆಚ್ಚಗಿದೆ ನೋಡು." ಟೈ ನೆಟ್ಟಗೆ ಮಾಡಿಕೊಂಡ, ಅಂಗಿಯನ್ನು ಒಳಗೆ ಸೇರಿಸಿಕೊಂಡ, ಹಣೆಯನ್ನು ಬೆರಳ ತುದಿಯಿಂದ ಮುಟ್ಟಿ ಟೀಕಾ ಸರಿಯಾಗಿದೆಯೇ ನೋಡಿಕೊಂಡ, ನಡೆದ. ಅವನ ಬಲ ಮೊಣಕಾಲು ಸ್ವಲ್ಪ ಎಳೆಯುತ್ತಿತ್ತು. ಒಳಗಿನವರಿಗೆ ಕಾಣಬಾರದೆಂದು ಬಾಗಿಲ ಬಳಿ ಅದನ್ನೂ ನೆಟ್ಟಗೆ ಮಾಡಿಕೊಂಡ. ಬಾಗಿಲು ಮುಚ್ಚಿತು.

ಅವನು ಬಿಟ್ಟ ಕುರ್ಚಿಯಲ್ಲಿ ಕೂತಳು, ಚೀಲ ನಿಜವಾಗಿಯೂ ಬೆಚ್ಚಗಿತ್ತು. ಎಣ್ಣೆ ಮತ್ತು ಏಲಕ್ಕಿಯ ವಾಸನೆ ಅವಳ ಬೆರಳಿಗೆ ಹತ್ತಿತು. ಈಗ ಹೋಗಬೇಕು, ಎಂಟು ಹೆಜ್ಜೆ. ಬಾಗಿಲು ತಟ್ಟಿ, ಒಂದು ಮಾತು. ಎದ್ದಳು. ಎಂಟೂ ಹೆಜ್ಜೆ ನಡೆದಳು. ಬಾಗಿಲ ಮರದ ಮೇಲೆ ಬೆರಳಿನ ಗೆಣ್ಣು ಇನ್ನೇನು ತಾಗಬೇಕು, ಒಳಗಿನಿಂದ ತೇಕ್‌ಮಾನ್‌ನ ದನಿ ಕೇಳಿಸಿತು, ಪ್ರತಿ ಪದವನ್ನೂ ಹೊತ್ತು ತಂದು ಇಳಿಸುತ್ತಿದ್ದ ದನಿ, ನಡುವೆ ಒಂದು ಪದಕ್ಕೆ ತಡವರಿಸಿ ನಿಂತಿತು. ನಿಂತೇ ಇತ್ತು.

"ಏನಾದ್ರೂ ಹೇಳ್ಬೇಕಿತ್ತಾ?" ಎಂದ ಪೇದೆ, ಬಾಗಿಲಿಗೆ ಅಡ್ಡ ಬಾರದೆ, ಮೆತ್ತಗೆ.

ಅವಳು ಅವನ ಎದೆಯ ಮೇಲಿನ ಸಂಖ್ಯೆಯನ್ನು ಓದಿದಳು. ಮತ್ತೆ ಓದಿದಳು.

"ಮುಖ ತೊಳೆಯೋ ಜಾಗ ಎಲ್ಲಿದೆ?" ಎಂದಳು.

"ಎಡಕ್ಕೆ. ಕೊನೇಲಿ."

ಅವಳು ಎಡಕ್ಕೆ ನಡೆದಳು, ಬೆಚ್ಚಗಿನ ಚೀಲವನ್ನು ಎದೆಗೆ ಅವಚಿಕೊಂಡು.